ಸೇರಿಸಿ ಕಟ್ಟಿದ ಹಾಲ್‌ನ ಖಾಲಿ ಮೂಲೆ: ಬಿರುಕು ಮುಚ್ಚುವುದರಿಂದ ಕೂರುವ ಕಟ್ಟೆಯವರೆಗೆ

30×40 ಸೈಟಿನ ಹಳೇ ಮನೆಗೆ ಐದಾರು ಅಡಿ ಜಾಗ ಸೇರಿಸಿ ಹಾಲ್ ದೊಡ್ಡದು ಮಾಡಿಸಿದವರಿಗೆ ಈ ಮೂಲೆ ಚೆನ್ನಾಗಿ ಗೊತ್ತು. ಹೊರಗೋಡೆ ಒಡೆದ ಕಡೆ ಮೇಲೆ ಬೀಮ್ ಇಳಿದಿರುತ್ತದೆ. ಅದರಡಿ ತೆಗೆಯಲಾಗದ ಪಿಲ್ಲರ್ ಒಂದು ಗೋಡೆಯಿಂದ ಅರ್ಧ ಅಡಿ ಮುಂದೆ ಚಾಚಿಕೊಂಡು ನಿಂತಿರುತ್ತದೆ. ಪಿಲ್ಲರಿನ ಆಚೆ, ಹೊಸ ಬಾಗಿಲಿನ ಈಚೆ, ಯಾವುದಕ್ಕೂ ಸೇರದ ಜಾಗವೊಂದು ಉಳಿದುಬಿಡುತ್ತದೆ. ಸೋಫಾ ಹಿಡಿಸುವುದಿಲ್ಲ, ಊಟದ ಮೇಜು ಹಾಕಿದರೆ ಓಡಾಡಲು ದಾರಿಯಿಲ್ಲ. ಕೊನೆಗೆ ಇಸ್ತ್ರಿ ಮೇಜು, ನೀರಿನ ಕ್ಯಾನು, ಮಕ್ಕಳ ಸೈಕಲ್ಲು ಅಲ್ಲಿ ಬಂದು ಸೇರುತ್ತವೆ.

ಅಲ್ಲಿ ಏನು ತಂದಿಟ್ಟರೂ ಒಪ್ಪುತ್ತಿಲ್ಲ ಅನ್ನಿಸಿದರೆ ತಪ್ಪು ತಂದಿಟ್ಟ ವಸ್ತುವಿನದಲ್ಲ. ಹಳೇ ಕಟ್ಟಡವೂ ಹೊಸ ಕಟ್ಟಡವೂ ಕೂಡುವ ಜಾಗ ಅದು. ಗೋಡೆಗಳ ದಪ್ಪ ಬೇರೆ ಬೇರೆ, ನೆಲದ ಮಟ್ಟ ಬೇರೆ ಬೇರೆ, ಮೂಲೆ 90 ಡಿಗ್ರಿ ಇರುವುದಿಲ್ಲ, ಮೊದಲು ಬೆಳಕು ಕೊಡುತ್ತಿದ್ದ ಕಿಟಕಿ ಒಡೆದ ಗೋಡೆಯ ಜೊತೆಗೇ ಹೋಗಿರುತ್ತದೆ. ಇಷ್ಟನ್ನು ಸರಿಮಾಡಿಕೊಂಡರೆ ಅಲಂಕಾರಕ್ಕೆ ಉಳಿಯುವ ಕೆಲಸ ಕಡಿಮೆ. ಇದನ್ನು ಬಿಟ್ಟು ಬಣ್ಣ, ವಾಲ್‌ಪೇಪರ್, ಕುಂಡಗಳಿಂದ ಶುರುಮಾಡಿದರೆ ಮುಂದಿನ ಮಳೆಗಾಲದಲ್ಲಿ ಎಲ್ಲವನ್ನೂ ಕಿತ್ತು ಮತ್ತೆ ಮಾಡಬೇಕಾಗುತ್ತದೆ.

ಇಲ್ಲಿನ ಲೆಕ್ಕಗಳೆಲ್ಲ ಒಂದೇ ಮಾದರಿ ಮೂಲೆಗೆ: ಪಿಲ್ಲರಿನಿಂದ ಹೊಸ ಮೂಲೆಯವರೆಗೆ 5 ಅಡಿ ಗೋಡೆ, ಆ ಮೂಲೆಯಿಂದ ಬಾಗಿಲ ಚೌಕಟ್ಟಿನ ಕಡೆಗೆ 4 ಅಡಿ ಗೋಡೆ, 10 ಅಡಿ ಎತ್ತರ, ಪಿಲ್ಲರ್ ಗೋಡೆಯಿಂದ 6 ಇಂಚು ಮುಂದೆ. ನಿಮ್ಮ ಅಳತೆ ಬೇರೆಯಿದ್ದರೆ ಅದಕ್ಕೆ ತಕ್ಕ ಹಾಗೆ ಹೊಂದಿಸಿಕೊಳ್ಳಿ.

ಅಳತೆ

ಟೇಪು, ರಸಮಟ್ಟ, ತೂಕದ ಗುಂಡು, ಮಾಸ್ಕಿಂಗ್ ಟೇಪು, ಪೆನ್ಸಿಲ್ಲು ಇಷ್ಟು ಸಾಕು.

ಮೊದಲು ಮೂಲೆಯ ಕೋನ ನೋಡಿ. ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಹಾಕಿ, ಎರಡು ಗುರುತುಗಳ ನಡುವೆ ಅಡ್ಡಲಾಗಿ ಅಳೆಯಿರಿ. ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ. 5 ಅಡಿ 1½ ಇಂಚು ಬಂದರೆ ಮೂಲೆ ಸುಮಾರು 93 ಡಿಗ್ರಿಗೆ ತೆರೆದಿದೆ ಎಂದರ್ಥ. ಮೂರು ಡಿಗ್ರಿ ಏನು ಮಹಾ ಅನ್ನಬೇಡಿ. ಕಾರ್ಪೆಂಟರ್ ಮೂಲೆಮಟ್ಟ ಹಿಡಿದು ಅಂಗಡಿಯಲ್ಲೇ ನೇರವಾಗಿ ಮಾಡಿ ತಂದ ಎಲ್ ಆಕಾರದ ಬೆಂಚು ಇಲ್ಲಿ ಇಟ್ಟರೆ, 4 ಅಡಿ ಗೋಡೆಯ ತುದಿಯಲ್ಲಿ ಬೆಂಚಿಗೂ ಗೋಡೆಗೂ ಎರಡೂವರೆ ಇಂಚು ಸಂದಿ ಬೀಳುತ್ತದೆ. ಸೈಟಿನ ಗಡಿಗೆ ಹೊಂದಿಸಿಕೊಂಡು ಕಟ್ಟಿದ ಹೊಸ ಗೋಡೆ ಹಳೇ ಮನೆಗೆ ಸಮಾನಾಂತರವಾಗಿ ಇರುವುದು ಅಪರೂಪ. ಇದೇ ಅಳತೆಯನ್ನು ನೆಲದಲ್ಲಿ ಒಮ್ಮೆ, ನಾಲ್ಕಡಿ ಎತ್ತರದಲ್ಲಿ ಒಮ್ಮೆ ತೆಗೆಯಿರಿ. ಎರಡೂ ಒಂದೇ ಬರದಿದ್ದರೆ ಗೋಡೆ ತೂಕಕ್ಕೆ ಇಲ್ಲ, ಅಂದರೆ ನೆಟ್ಟಗೆ ನಿಂತಿಲ್ಲ. ಗುಂಡು ಬಿಟ್ಟು ಎಷ್ಟು ವಾಲಿದೆ ನೋಡಿ.

ಆಮೇಲೆ ನೆಲ. ಪಿಲ್ಲರಿನ ಸಾಲಿನಲ್ಲಿ ಹಳೇ ನೆಲವೂ ಹೊಸ ಟೈಲ್ಸೂ ಸಂಧಿಸುತ್ತವೆ. ಅಲ್ಲಿಂದ ಮೂಲೆಯವರೆಗೆ ಇಳಿಜಾರು ಎಷ್ಟಿದೆ ಎಂದು ರಸಮಟ್ಟದಿಂದ ನೋಡಿ. ಮುಂಚೆ ವರಾಂಡವೋ ಪೋರ್ಟಿಕೊವೋ ಆಗಿದ್ದ ಜಾಗವಾದರೆ ನೀರು ಹೊರಗೆ ಹೋಗಲೆಂದು ಕೊಟ್ಟಿದ್ದ ಇಳಿಜಾರು ಹಾಗೇ ಉಳಿದಿರಬಹುದು. 5 ಅಡಿಗೆ ಅರ್ಧ ಇಂಚು ಇಳಿಜಾರಿದ್ದರೂ ಮರದ ಕಪಾಟು ಒಂದು ಕಡೆಗೆ ವಾಲಿ, ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ.

ಬಾಗಿಲು ಎತ್ತ ತೆರೆಯುತ್ತದೆ, ಓಡಾಡುವ ದಾರಿ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ನೆಲದ ಮೇಲೆ ಟೇಪು ಅಂಟಿಸಿ ಗುರುತು ಮಾಡಿ. ದಾರಿಗೆ 3 ಅಡಿ ಬಿಡಿ, ತೀರಾ ಆಗದಿದ್ದರೆ ಎರಡೂವರೆ. ಏನು ಮಾಡಿಸಬೇಕೆಂದಿದ್ದೀರೋ ಅದರ ಅಂಚನ್ನೂ ಟೇಪಿನಲ್ಲಿ ಬರೆದು, ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಒಂದು ವಾರ ಬಿಡಿ. ಯಾರಾದರೂ ಅಲ್ಲಿ ಹೋಗಿ ಕೂತರೆ ಕೂರುವ ಮೂಲೆ ಮಾಡಿ. ಯಾರೂ ಕೂರದೆ ಕುರ್ಚಿಯ ಮೇಲೆ ಬಟ್ಟೆ ಗುಡ್ಡೆಯಾದರೆ ನಿಮಗೆ ಬೇಕಿರುವುದು ಬೆಂಚಲ್ಲ, ಬೀರು.

ಬಿರುಕು ಯಾವ ಜಾತಿಯದು

ಪಿಲ್ಲರಿಗೂ ಹೊಸ ಗೋಡೆಗೂ ನಡುವೆ ನೆಟ್ಟಗೆ ಮೇಲಿಂದ ಕೆಳಗೆ ಬಿದ್ದ ಕೂದಲೆಳೆಯ ಬಿರುಕು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಇರುತ್ತದೆ. ಹಳೇ ಪಾಯ ವರ್ಷಗಳ ಹಿಂದೆಯೇ ಕೂತು ಗಟ್ಟಿಯಾಗಿದೆ. ಹೊಸ ಪಾಯ ಭಾರ ಬಿದ್ದ ಮೇಲೆ, ಮೊದಲ ಮಳೆಗಾಲದ ಆಸುಪಾಸಿನಲ್ಲಿ ಸ್ವಲ್ಪ ಕೂರುತ್ತದೆ. ಜೊತೆಗೆ ಸಿಮೆಂಟ್ ಬ್ಲಾಕು ಒಣಗುತ್ತಾ ಕುಗ್ಗುತ್ತದೆ. ಎರಡನ್ನೂ ಬೆಸೆದಿರುವುದು ಬರೀ ಪ್ಲಾಸ್ಟರಿಂಗ್ ಆದ್ದರಿಂದ ಅದು ಬಿರಿಯುತ್ತದೆ. ಕಟ್ಟುವಾಗಲೇ ಪಿಲ್ಲರಿಗೆ ಕಂಬಿ ತೂರಿಸಿ ಬ್ಲಾಕಿನ ವರಸೆಗಳಿಗೆ ಸೇರಿಸಿದ್ದರೆ, ಪ್ಲಾಸ್ಟರಿಂಗಿಗೆ ಮುಂಚೆ ಸಂದಿನ ಮೇಲೆ ಒಂದಡಿ ಅಗಲದ ಚಿಕನ್ ಮೆಶ್ (ತೆಳು ತಂತಿಯ ಬಲೆ) ಹೊಡೆದಿದ್ದರೆ ಬಿರುಕು ಕಡಿಮೆಯಿರುತ್ತಿತ್ತು.

ಬಿರುಕಿನ ಎರಡೂ ಬದಿ ದಾಟುವಂತೆ ಮೂರು ಕಡೆ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ಅಗಲವನ್ನೂ ತಾರೀಕನ್ನೂ ಬರೆದಿಡಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಅಗಲ ಅಷ್ಟೇ ಇದ್ದರೆ, ಇಲ್ಲವೇ ಬಿಸಿಲಿಗೆ ತೆರೆದು ಮಳೆಗೆ ಮುಚ್ಚಿಕೊಳ್ಳುತ್ತಿದ್ದರೆ, ಅದು ಬರೀ ಸಂದಿನ ಬಿರುಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಮೆಟ್ಟಿಲಿನಂತೆ ಇಳಿದ ಬಿರುಕು, 5 ಎಂಎಂಗಿಂತ ಅಗಲವಾದದ್ದು, ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿರುವುದು, ಬೀಮಿನ ಮೇಲೆ ಕಾಣಿಸಿದ್ದು ಯಾವುದೇ ಇದ್ದರೂ ಅಲಂಕಾರದ ಮಾತು ಅಲ್ಲಿಗೆ ನಿಲ್ಲಿಸಿ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ.

ಸಂದಿನ ಬಿರುಕಿಗೆ ಪೇಂಟರ್‌ಗಳು ಪುಟ್ಟಿ ತುಂಬಿ ಉಜ್ಜಿಬಿಡುತ್ತಾರೆ. ಪುಟ್ಟಿ ಹಿಗ್ಗುವುದಿಲ್ಲ. ವರ್ಷದೊಳಗೆ ಅದೇ ಜಾಗದಲ್ಲಿ ಅದೇ ಗೆರೆ ಮತ್ತೆ ಬರುತ್ತದೆ. ಸರಿಯಾದ ಕೆಲಸ ಹೀಗೆ:

1. ಬಿರುಕಿನ ಉದ್ದಕ್ಕೂ ಕಟ್ಟರ್‌ನಿಂದ 10 ಎಂಎಂ ಅಗಲ, 10 ಎಂಎಂ ಆಳದ ಗಾಡಿ (ಉದ್ದಕ್ಕೆ ಕೊರೆದ ಸಾಲು) ಹೊಡೆಸಿ. ಕತ್ತರಿಸಬೇಕಾದದ್ದು ಪ್ಲಾಸ್ಟರನ್ನು ಮಾತ್ರ. ಬ್ಲೇಡು ಪಿಲ್ಲರಿನ ಕಾಂಕ್ರೀಟಿಗೆ ಇಳಿಯಬಾರದು, ಒಳಗಿನ ಕಂಬಿಗೆ ಇರುವ ಕಾವಲು ಅದೇ.
2. ಬ್ರಷ್ಷಿನಿಂದ ಧೂಳು ತೆಗೆದು, ಪೂರ್ತಿ ಒಣಗಲು ಬಿಡಿ. ಧೂಳು ಉಳಿದರೆ ಮುಂದೆ ತುಂಬುವ ಸೀಲಂಟ್ (ಸಂದು ಮುಚ್ಚುವ, ಹಿಗ್ಗುವ ಅಂಟು) ಹಿಡಿಯುವುದಿಲ್ಲ, ಸಿಪ್ಪೆಯ ಹಾಗೆ ಎದ್ದು ಬರುತ್ತದೆ.
3. ಗಾಡಿಯ ತಳಕ್ಕೆ ಬ್ಯಾಕರ್ ರಾಡ್ ಎನ್ನುವ ತೆಳುವಾದ ಫೋಮಿನ ಹುರಿ ಒತ್ತಿ. ಸೀಲಂಟ್ ಎರಡು ಬದಿಗೆ ಮಾತ್ರ ಅಂಟಿ, ತಳಕ್ಕೆ ಅಂಟದೆ ಇದ್ದಾಗಲೇ ಅದು ರಬ್ಬರಿನಂತೆ ಎಳೆದುಕೊಳ್ಳಬಲ್ಲದು.
4. ಮೇಲೆ ಬಣ್ಣ ಹಚ್ಚಬಹುದಾದ ಅಕ್ರಿಲಿಕ್ ಅಥವಾ ಪಿಯು (ಪಾಲಿಯುರೆಥೇನ್) ಸೀಲಂಟ್ ತುಂಬಿ. ಸಿಲಿಕೋನ್ ಬೇಡ, ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ.
5. ಸೀಲಂಟಿನ ಮೇಲೆ 2 ಇಂಚು ಅಗಲದ ತೇಗದ ಪಟ್ಟಿಯನ್ನು ನೆಲದಿಂದ ಬೀಮಿನವರೆಗೆ ಕೂರಿಸಿ. ಸ್ಕ್ರೂ ಹೊಸ ಗೋಡೆಯ ಬದಿಗೆ ಮಾತ್ರ ಹಾಕಿ.

ಐದನೆಯದು ಕಡ್ಡಾಯವಲ್ಲ, ಆದರೂ ಮಾಡಿಸುವುದೇ ಒಳ್ಳೆಯದು. ಸಂದು ಅಲ್ಲಿದೆ ಎಂದು ಒಪ್ಪಿಕೊಂಡು ಅದಕ್ಕೊಂದು ಅಂಚು ಕೊಟ್ಟರೆ ಕಣ್ಣಿಗೆ ಅದು ಬೇಕೆಂದೇ ಮಾಡಿದ ವಿನ್ಯಾಸವಾಗುತ್ತದೆ, ಗೋಡೆ ಅಲುಗಿದರೂ ಪಟ್ಟಿಯ ಹಿಂದೆ ಅಲುಗುತ್ತದೆ. ಎರಡೂ ಬದಿಗೆ ಸ್ಕ್ರೂ ಹೊಡೆದರೆ ಪಟ್ಟಿಯೇ ಸೀಳುತ್ತದೆ. ಈ ಗೋಡೆಗೆ ವಾಲ್‌ಪೇಪರ್ ಯೋಚನೆಯಿದ್ದರೆ ಬಿಟ್ಟುಬಿಡಿ. ಸಂದಿನ ಮೇಲೆ ಹಾದುಹೋದ ವಾಲ್‌ಪೇಪರ್ ಹರಿಯದೆ ಉಳಿಯುವುದಿಲ್ಲ.

ತೇವ ಎಲ್ಲಿಂದ

ಗೋಡೆಯ ಮೇಲೆ ಕಲೆ ಯಾವ ಎತ್ತರದಲ್ಲಿದೆ ಎನ್ನುವುದೇ ಅರ್ಧ ಉತ್ತರ. ಕಲೆ ಮೇಲಿನ ಮೂಲೆಯಲ್ಲಿ, ಬೀಮಿನ ಪಕ್ಕ ಇದ್ದರೆ ತಾರಸಿಯಲ್ಲಿ ಹಳೇ ಮೋಲ್ಡಿಗೂ (ಕಾಂಕ್ರೀಟ್ ಛಾವಣಿಗೂ) ಹೊಸ ಮೋಲ್ಡಿಗೂ ನಡುವಿನ ಸಂದು ಸೋರುತ್ತಿದೆ. ಪಿಲ್ಲರಿನ ಪಕ್ಕ ಉದ್ದಕ್ಕೆ ಪಟ್ಟಿಯಂತೆ ಇದ್ದರೆ ಹೊರಗೋಡೆಯ ಸಂದಿನಿಂದ ಮಳೆನೀರು ಒಳಗೆ ಬರುತ್ತಿದೆ. ನೆಲದಿಂದ ಒಂದೆರಡು ಅಡಿಯವರೆಗೆ ಬಣ್ಣ ಉಬ್ಬಿ, ಬಿಳಿ ಉಪ್ಪು ಎದ್ದು, ಒರೆಸಿದರೆ ಪುಡಿ ಉದುರುತ್ತಿದ್ದರೆ ನೀರು ನೆಲದಿಂದ ಮೇಲಕ್ಕೆ ಏರುತ್ತಿದೆ, ಅಥವಾ ಹೊರಗಿನ ಮಣ್ಣಿನ ಮಟ್ಟ ಒಳಗಿನ ನೆಲಕ್ಕಿಂತ ಎತ್ತರವಾಗಿದೆ.

ಅನುಮಾನವಿದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪಿನಿಂದ ಬಿಗಿದು ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ, ಗೋಡೆಯ ಕಡೆ, ಹನಿಗಳಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಹೊರಬದಿಯಲ್ಲಿದ್ದರೆ ಕೋಣೆಯ ಗಾಳಿಯಲ್ಲಿರುವ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಅದಕ್ಕೆ ಗಾಳಿಯಾಡುವ ದಾರಿ ಬೇಕೇ ಹೊರತು ವಾಟರ್‌ಪ್ರೂಫಿಂಗ್ ಅಲ್ಲ.

ಒಳಗಿನಿಂದ ಹಚ್ಚುವ ಯಾವ ಬಣ್ಣವೂ ತಾರಸಿಯ ಸೋರಿಕೆಯನ್ನು ನಿಲ್ಲಿಸುವುದಿಲ್ಲ. ಮೇಲೆ ಹತ್ತಿ, ಸಂದು ಬಿಡಿಸಿ, ಬ್ಯಾಕರ್ ರಾಡ್ ಇಟ್ಟು ಪಿಯು ಸೀಲಂಟ್ ತುಂಬಿಸಿ. ಅದರ ಮೇಲೆ ಒಂದಡಿ ಅಗಲಕ್ಕೆ ಫೈಬರ್ ಮೆಶ್ ಹಾಸಿ ಮೂರು ಕೋಟ್ ವಾಟರ್‌ಪ್ರೂಫ್ ಲೇಪನ ಹಚ್ಚಿಸಿ. ಒಣಗಿದ ಮೇಲೆ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿ ಒಂದೆರಡು ಇಂಚು ನೀರು ನಿಲ್ಲಿಸಿ 48 ಗಂಟೆ ನೋಡಿ. ಈ ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಯಬೇಕು. ಜೂನ್ ಹತ್ತಿರ ಬಂದಾಗ ಶುರುಮಾಡಿದರೆ ಒಳಗಿನ ತೇವ ಆರುವ ಮುಂಚೆಯೇ ಮಳೆ ಹಿಡಿಯುತ್ತದೆ.

ಬಣ್ಣ

ಹೊಸ ಪ್ಲಾಸ್ಟರಿಗೆ ಕನಿಷ್ಠ ಏಳು ದಿನ ನೀರುಣಿಸಿ, ಆಮೇಲೆ ಒಣಗಲು ಬಿಟ್ಟು, ಒಟ್ಟು 28 ದಿನ ಕಳೆದ ಮೇಲೆ ಬಣ್ಣಕ್ಕೆ ಕೈಹಾಕಿ. ಅವಸರ ಮಾಡಿದರೆ ಬಣ್ಣ ಗುಳ್ಳೆಗುಳ್ಳೆಯಾಗಿ ಏಳುತ್ತದೆ.

ಎರಡು ಗೋಡೆ ಸೇರಿ 90 ಚದರಡಿ. 5 ಕೆಜಿಯ ಎರಡು ಪ್ಯಾಕೆಟ್ ಪುಟ್ಟಿ, 1 ಲೀಟರ್ ಪ್ರೈಮರ್, 2 ಲೀಟರ್ ಎಮಲ್ಷನ್ ಸಾಕು. ಪುಟ್ಟಿ ಎರಡು ಕೋಟ್ ಸೇರಿ 2 ಎಂಎಂ ದಾಟಬಾರದು. ಗೋಡೆ ವಾಲಿದ್ದನ್ನು ಪುಟ್ಟಿಯಲ್ಲೇ ಸರಿಮಾಡಲು ಹೋದ ಕಡೆಯಲ್ಲೆಲ್ಲ ಅದು ಚಕ್ಕೆಯಾಗಿ ಉದುರುತ್ತದೆ. 180 ನಂಬರ್ ಎಮೆರಿ ಪೇಪರಿನಿಂದ ಒಮ್ಮೆ, 320ರಿಂದ ಇನ್ನೊಮ್ಮೆ ಉಜ್ಜಿಸಿ.

ಹೊಸ ಗೋಡೆಗೆ ಹಳೇ ಗೋಡೆಯ ಬಣ್ಣವನ್ನೇ ಹೊಂದಿಸುವ ಪ್ರಯತ್ನ ಕೈಗೂಡುವುದಿಲ್ಲ. ಅದೇ ಶೇಡ್ ನಂಬರ್ ತಂದರೂ ಹಳೆಯದು ಮಾಸಿರುತ್ತದೆ, ಪಕ್ಕಪಕ್ಕ ನಿಂತಾಗ ಗೊತ್ತಾಗಿಬಿಡುತ್ತದೆ. ಒಂದೋ ಪೂರ್ತಿ ಹಾಲಿಗೆ ಮತ್ತೆ ಹಚ್ಚಿಸಿ, ಇಲ್ಲವೇ ಮೂಲೆಯ ಎರಡು ಗೋಡೆಗಳನ್ನೂ ಎರಡು ಮೂರು ಮೆಟ್ಟಿಲು ಗಾಢವಾದ ಒಂದೇ ಬಣ್ಣಕ್ಕೆ ತನ್ನಿ. ಬಣ್ಣ ಬದಲಾಗುವುದು ತೇಗದ ಪಟ್ಟಿಯ ಹತ್ತಿರವೇ ಇರಲಿ. ಎರಡರಲ್ಲಿ ಒಂದು ಗೋಡೆಗೆ ಮಾತ್ರ ಗಾಢ ಬಣ್ಣ ಹಚ್ಚಿದರೆ ಮೂಲೆಯ ಓರೆ ಎದ್ದು ಕಾಣುತ್ತದೆ. ಮಿನುಗುವ ಬಣ್ಣ ಇಲ್ಲಿ ಬೇಡ. ಪಕ್ಕದಿಂದ ಬೆಳಕು ಬಿದ್ದಾಗ ಪುಟ್ಟಿಯ ಪ್ರತಿ ಏರಿಳಿತವನ್ನೂ ಅದು ತೋರಿಸುತ್ತದೆ.

ವೈರಿಂಗ್, ಕಟ್ಟೆಗಿಂತ ಮುಂಚೆ

ಹೆಚ್ಚಿನ ಮನೆಗಳಲ್ಲಿ ಈ ಮೂಲೆಗೆ ಒಂದೂ ಪಾಯಿಂಟ್ ಇರುವುದಿಲ್ಲ. ಪೈಪಿನ ಗಾಡಿ ಹೊಸ ಬ್ಲಾಕ್ ಗೋಡೆಯಲ್ಲಿ ಮಾತ್ರ ಹೊಡೆಸಿ, ಪಿಲ್ಲರನ್ನೂ ಬೀಮನ್ನೂ ಮುಟ್ಟಬೇಡಿ. ಗಾಡಿ ಹೊಡೆಯಲು ಆಗದ ಕಡೆ ಕೇಸಿಂಗ್-ಕ್ಯಾಪಿಂಗ್ (ಗೋಡೆಯ ಮೇಲೆಯೇ ಕೂರಿಸುವ, ಮುಚ್ಚಳವಿರುವ ಪಟ್ಟಿ) ಸಾಕು. ಲೈಟಿಗೆ 1.5 ಚದರ ಎಂಎಂ ವೈರು, ಜೊತೆಗೆ ಅರ್ಥ್ ವೈರು ಕಡ್ಡಾಯ.

ಸಾಕೆಟ್ ಎಲ್ಲಿ ಎನ್ನುವುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಎಲೆಕ್ಟ್ರಿಷಿಯನ್ ಅಭ್ಯಾಸದಂತೆ ನೆಲದಿಂದ ಒಂದಡಿಗೆ ಇಟ್ಟುಹೋಗುತ್ತಾನೆ, ಆಮೇಲೆ ಬಂದ ಬೆಂಚು ಅದನ್ನು ಮುಚ್ಚಿಬಿಡುತ್ತದೆ. ನೆಲದಿಂದ 26 ಇಂಚಿಗೆ, ಅಂದರೆ ಕೂರುವ ಮಟ್ಟಕ್ಕಿಂತ ಸುಮಾರು 8 ಇಂಚು ಮೇಲೆ, ಬಾಗಿಲ ಕಡೆಯ ತುದಿಯಲ್ಲಿ 6 ಆಂಪ್ಸಿನ ಸಾಕೆಟ್ ಇರಲಿ. ಮೊಬೈಲ್ ಚಾರ್ಜಿಗೂ ಹಬ್ಬದ ಸೀರಿಯಲ್ ಸೆಟ್ಟಿಗೂ ಅದೇ ಸಾಕು.

ಬೆಳಕಿಗೆ ಮೇಲೆ ಒಂದು ಬಿಳಿ ಟ್ಯೂಬ್‌ಲೈಟ್ ಹಾಕಿದರೆ ಮೂಲೆ ಇನ್ನಷ್ಟು ಬೋಳಾಗಿ ಕಾಣುತ್ತದೆ. ಮುಂದೆ ಹೇಳುವ ಶೆಲ್ಫಿನ ಕೆಳಗೆ 5 ಅಡಿ ಎಲ್‌ಇಡಿ ಪಟ್ಟಿಯನ್ನು ಅಲ್ಯುಮಿನಿಯಂ ಪ್ರೊಫೈಲಿನಲ್ಲಿ, ಮೇಲೆ ಹಾಲಿನ ಬಣ್ಣದ ಮುಚ್ಚಳದ ಜೊತೆ ಕೂರಿಸಿ. ಮುಖ ಗೋಡೆಯ ಕಡೆಗಿರಲಿ, ಇಲ್ಲದಿದ್ದರೆ ಕೂತವರ ಕಣ್ಣಿಗೆ ಚುಚ್ಚುತ್ತದೆ. ಬಣ್ಣ 2700ರಿಂದ 3000 ಕೆಲ್ವಿನ್. ಮೀಟರಿಗೆ 10 ವ್ಯಾಟಿನ ಪಟ್ಟಿಯಾದರೆ ಒಂದೂವರೆ ಮೀಟರಿಗೆ 15 ವ್ಯಾಟ್. ಪಟ್ಟಿಗೆ ವಿದ್ಯುತ್ ಹೊಂದಿಸಿ ಕೊಡುವ ಡ್ರೈವರ್ ಡಬ್ಬಿ 20 ವ್ಯಾಟಿಗಿಂತ ಕಡಿಮೆ ಬೇಡ. ಡ್ರೈವರನ್ನು ಗೋಡೆಯೊಳಗೆ ಹೂತುಬಿಡಬೇಡಿ. ಪಟ್ಟಿಗಿಂತ ಮೊದಲು ಕೆಡುವುದು ಸಾಮಾನ್ಯವಾಗಿ ಅದೇ, ಕೈಗೆ ಸಿಗುವ ಹಾಗಿರಬೇಕು.

ಎಲ್ ಆಕಾರದ ಕಟ್ಟೆ

ಅಂಗಡಿಯಲ್ಲಿ ಸಿಗುವ ಯಾವ ಪೀಠೋಪಕರಣವೂ 93 ಡಿಗ್ರಿಗೆ ಹೊಂದುವುದಿಲ್ಲ. ಆದ್ದರಿಂದ ಇಂಥ ಮೂಲೆಗೆ ಅಲ್ಲೇ ಕಟ್ಟಿದ ಕಟ್ಟೆಯೇ ಸರಿ. ಹಳೇ ಮನೆಗಳ ಜಗಲಿ ಮಾಡುತ್ತಿದ್ದ ಕೆಲಸವನ್ನೇ ಇದು ಒಳಗೆ ಮಾಡುತ್ತದೆ: ಬಂದವರು ಚಪ್ಪಲಿ ಬಿಟ್ಟು ಕೂರಲು, ತರಕಾರಿ ಹೆಚ್ಚಲು, ಮಕ್ಕಳು ಓದಲು. ಒಂದು ಮಾತು: ಮೂಲೆ ಈಶಾನ್ಯದ್ದಾದರೆ ಭಾರ ಹಾಕಬೇಡಿ ಎಂದು ಮನೆಯ ಹಿರಿಯರು ಹೇಳಬಹುದು. ಇಟ್ಟಿಗೆ ತರಿಸಿದ ಮೇಲೆ ಈ ಚರ್ಚೆ ಶುರುವಾಗುವುದಕ್ಕಿಂತ ಮೊದಲೇ ಕೇಳಿಕೊಳ್ಳುವುದು ಎಲ್ಲರಿಗೂ ಕ್ಷೇಮ.

ಕಟ್ಟೆಯ ಅಗಲ 18 ಇಂಚು. ಉದ್ದದ ತೋಳು 5 ಅಡಿ, ಗಿಡ್ಡ ತೋಳು ಮೂಲೆ ಬಿಟ್ಟು 30 ಇಂಚು. ಕೆಳಗೆ ಇಟ್ಟಿಗೆಯ ಪೀಠ, ಮೇಲೆ ಪ್ಲೈವುಡ್ ಪೆಟ್ಟಿಗೆ.

*ಪೀಠ.* ಪ್ಲೈವುಡ್ಡನ್ನು ನೇರವಾಗಿ ನೆಲಕ್ಕೆ ಕೂರಿಸಬಾರದು. ದಿನಾ ನೆಲ ಒರೆಸುವ ನೀರಿಗೆ ಅಡಿ ಅಂಚು ಉಬ್ಬುತ್ತದೆ, ಗೆದ್ದಲಿಗೆ ದಾರಿಯೂ ಸಲೀಸಾಗುತ್ತದೆ. ಇಟ್ಟಿಗೆಯನ್ನು ಮಲಗಿಸಿ ಒಂದೇ ವರಸೆ ಕಟ್ಟಿಸಿ. 35 ಇಟ್ಟಿಗೆ ಸಾಕು. ಗಾರೆ ಸೇರಿ ಎತ್ತರ 4 ಇಂಚು ಬರುತ್ತದೆ. ಪೀಠವನ್ನು ಪೆಟ್ಟಿಗೆಯ ಮುಂಭಾಗಕ್ಕಿಂತ ಎರಡು ಇಂಚು ಒಳಕ್ಕೆ ಇಡಿ, ಎದುರು ನಿಂತವರ ಕಾಲ್ಬೆರಳಿಗೆ ಜಾಗ ಬೇಕು. ನೆಲದ ಇಳಿಜಾರನ್ನು ಇಲ್ಲೇ ರಸಮಟ್ಟಕ್ಕೆ ತಂದುಬಿಡಿ. ಪಿಲ್ಲರಿಗೆ ತಾಗುವ ಕಡೆ 10 ಎಂಎಂ ಥರ್ಮೋಕೋಲ್ ಪಟ್ಟಿ ಇಟ್ಟು ಕಟ್ಟಿಸಿ. ಪೀಠ ಪೂರ್ತಿ ಹೊಸ ನೆಲದ ಮೇಲೆಯೇ ಇರಬೇಕು. ಹಳೇ ನೆಲಕ್ಕೆ ಒಂದು ಕಾಲು, ಹೊಸದಕ್ಕೆ ಒಂದು ಕಾಲು ಇಟ್ಟ ಕಟ್ಟೆ ಮಧ್ಯದಲ್ಲಿ ಬಿರಿಯುತ್ತದೆ. ಪೀಠದ ಮೇಲ್ಮೈಗೆ ಉಳಿದ ಟೈಲ್ಸ್ ಹಾಸಿದರೆ ಅದೇ ಪೆಟ್ಟಿಗೆಯ ತಳವಾಗುತ್ತದೆ, ತಳಕ್ಕೆ ಬೇರೆ ಪ್ಲೈ ಬೇಡ. ಮುಂದೆ ಹೋಗುವ ಮುಂಚೆ ಹತ್ತು ದಿನವಾದರೂ ಒಣಗಲಿ.

*ಪ್ಲೈವುಡ್ ಲೆಕ್ಕ.* 18 ಎಂಎಂ ದಪ್ಪ, 8×4 ಅಡಿಯ ಒಂದೇ ಶೀಟಿನಲ್ಲಿ ಇಡೀ ಕಟ್ಟೆ ಮುಗಿಯುತ್ತದೆ, ಕತ್ತರಿಸುವುದು ಗೊತ್ತಿದ್ದರೆ. ಬಿಡಬ್ಲ್ಯುಪಿ (ಕುದಿನೀರಿಗೂ ಬಿಡದ) ಗ್ರೇಡ್, ಶೀಟಿನ ಮೇಲೆ ಐಎಸ್ 710 ಎಂಬ ಮುದ್ರೆ ಇರುವುದನ್ನೇ ತನ್ನಿ. ಹೊಸ ಗೋಡೆಯ ಪಕ್ಕ ಸಾಧಾರಣ ಎಂಆರ್ (ತೇವವನ್ನಷ್ಟೇ ತಡೆಯುವ) ಗ್ರೇಡ್ ಬಾಳುವುದಿಲ್ಲ. ಶೀಟನ್ನು ಉದ್ದಕ್ಕೆ ಮೂರು ಪಟ್ಟಿ ಮಾಡಿಸಿ: 18 ಇಂಚಿನ ಎರಡು, ಗರಗಸಕ್ಕೆ ಹೋದದ್ದು ಹೋಗಿ ಉಳಿಯುವುದು 11¾ ಇಂಚಿನ ಒಂದು. ಪೆಟ್ಟಿಗೆಯ ಎತ್ತರವೂ ಅದೇ 11¾ ಇಂಚು. ಎತ್ತರ 14 ಇಂಚು ಬೇಕು ಎಂದು ಕಾರ್ಪೆಂಟರ್ ಹಟ ಹಿಡಿದರೆ ಎರಡನೇ ಶೀಟಿಗೆ ದುಡ್ಡು ಎತ್ತಿಡಿ.

ಮೊದಲ 18 ಇಂಚಿನ ಪಟ್ಟಿಯಿಂದ ಮೇಲಿನ ಹಲಗೆಗಳು: 60 ಇಂಚಿನದೊಂದು, 31 ಇಂಚಿನದೊಂದು. ಎರಡನೇ ಪಟ್ಟಿಯಿಂದ 11¾ ಇಂಚಿನ ಮೂರು ತುಂಡು, ಎರಡು ತುದಿಗಳಿಗೆ ಮತ್ತು ಉದ್ದದ ತೋಳಿನ ನಡುವೆ. ಇವುಗಳ ಅಗಲದಿಂದ ಮುಂಭಾಗದ ಹಲಗೆಯ ದಪ್ಪವಾದ ಮುಕ್ಕಾಲು ಇಂಚನ್ನೂ, ಗೋಡೆಯ ಕಡೆ ಬಿಡುವ ಅರ್ಧ ಇಂಚನ್ನೂ ಕಳೆಯಬೇಕು. ಕಿರಿದಾದ ಮೂರನೇ ಪಟ್ಟಿಯಿಂದ ಮುಂಭಾಗ: 42 ಇಂಚು ಮತ್ತು 30 ಇಂಚು. ಎತ್ತರದ ಲೆಕ್ಕ ಹೀಗೆ: ಪೀಠ 4, ಪೆಟ್ಟಿಗೆ 11¾, ಹಲಗೆ ¾, ಫೋಮ್ 2, ಒಟ್ಟು 18½ ಇಂಚು. ಕೂತಾಗ ಫೋಮ್ ಅದುಮಿ 18ರ ಹತ್ತಿರ ನಿಲ್ಲುತ್ತದೆ.

*ಓರೆ ಕತ್ತರಿಸುವುದು.* ಹಲಗೆಗೆ ಗರಗಸ ಇಡುವ ಮುಂಚೆ ಟಿವಿ ಅಥವಾ ಫ್ರಿಜ್ಜಿನ ರಟ್ಟಿನ ಡಬ್ಬ ಬಿಡಿಸಿ, ಮೂಲೆಗೆ ಒತ್ತಿ, ಗೋಡೆಯ ಗೆರೆಯನ್ನು ಅದರ ಮೇಲೆ ಎಳೆದುಕೊಳ್ಳಿ. 93 ಡಿಗ್ರಿ ಇದ್ದರೆ ಗಿಡ್ಡ ಹಲಗೆ ಉದ್ದದ ಹಲಗೆಗೆ ಕೂಡುವ ತುದಿಯನ್ನು 18 ಇಂಚು ಅಗಲಕ್ಕೆ ಸುಮಾರು 1 ಇಂಚು ಓರೆಯಾಗಿ ತೆಗೆಯಬೇಕಾಗುತ್ತದೆ. 31 ಇಂಚು ಇಟ್ಟುಕೊಂಡದ್ದು ಇದಕ್ಕೇ. ರಟ್ಟನ್ನು ಮೊದಲು ಕತ್ತರಿಸಿ ಕೂರಿಸಿ ನೋಡಿ, ಸರಿಹೋದ ಮೇಲೆ ಪ್ಲೈ ಮೇಲೆ ಇಟ್ಟು ಗೆರೆ ಎಳೆಯಿರಿ. ಗೋಡೆಯ ಕಡೆ ಅರ್ಧ ಇಂಚು ಸಂದು ಬಿಡಿ, ಗಾಳಿಯಾಡಲಿ. ಆ ಸಂದನ್ನು ಮರದ ಬೀಡಿಂಗಿನಿಂದ ಮುಚ್ಚಬಹುದು. ಬೀಡಿಂಗಿನ ಮೊಳೆ ಹಲಗೆಗೆ ಮಾತ್ರ ಇರಲಿ, ಗೋಡೆಗೆ ಬೇಡ.

*ಮುಚ್ಚಳಗಳು.* ಮೂಲೆಗೆ ತಾಗಿದ 30 ಇಂಚನ್ನು ಖಾಯಂ ಬಿಗಿದುಬಿಡಿ. ಅಲ್ಲಿ ಮುಚ್ಚಳ ಮಾಡಿದರೆ ಎತ್ತುವುದು ಕಷ್ಟ. ಪಿಲ್ಲರಿನ ಕಡೆಯ 30 ಇಂಚಿಗೂ ಗಿಡ್ಡ ತೋಳಿನ 30 ಇಂಚಿಗೂ ಮುಚ್ಚಳ ಇರಲಿ. ಹಿಂದೆ 3 ಇಂಚು ಪಟ್ಟಿ ಬಿಟ್ಟು, ಅದಕ್ಕೆ 3 ಇಂಚಿನ ಕೀಲು ಎರಡೆರಡು. ಖಾಯಂ ಭಾಗದ ಅಡಿ, ಎರಡು ತೋಳು ಸೇರುವ ಒಳಮೂಲೆಯಲ್ಲಿ, ಹಲಗೆಯ ಬದಲು 2×2 ಇಂಚಿನ ಮರದ ಕಂಬ ನಿಲ್ಲಿಸಿದರೆ ಗಿಡ್ಡ ತೋಳಿನ ಕಡೆಯಿಂದ ಕೈಹಾಕಿ ಒಳಮೂಲೆಯವರೆಗೂ ಸಾಮಾನು ತಳ್ಳಬಹುದು. ಪ್ರತಿ ಖಾನೆಯ ಮುಂಭಾಗಕ್ಕೂ ಒಂದು ಇಂಚಿನ ಎರಡು ತೂತು ಕೊರೆಸಿ ಜಾಲಿ ಮುಚ್ಚಳ ಹಾಕಿ. ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಬಟ್ಟೆ ಇಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಗೊಂಬೆ ಹಬ್ಬ ಮಾಡುವ ಮನೆಗಳಿಗೆ ವರ್ಷಪೂರ್ತಿ ಅಟ್ಟದ ಮೇಲೆ ಕೂತಿರುವ ಗೊಂಬೆ ಡಬ್ಬಗಳನ್ನು ಇಳಿಸಿಡಲು ಇದು ಹೇಳಿಮಾಡಿಸಿದ ಜಾಗ. ನವರಾತ್ರಿಯಲ್ಲಿ ಇದೇ ಕಟ್ಟೆ ಮೊದಲ ಮೆಟ್ಟಿಲೂ ಆಗುತ್ತದೆ, ಮೇಲೆ ಎರಡು ಹಲಗೆ ಏರಿಸಿದರೆ ಮೂರು ಮೆಟ್ಟಿಲಿನ ಸಾಲು ಸಿದ್ಧ.

ಹೊರಗೆ 1 ಎಂಎಂ ಲ್ಯಾಮಿನೇಟ್ ಅಂಟಿಸಿದರೆ ಒಳಬದಿಗೂ 0.8 ಎಂಎಂ ಅಂಟಿಸಲೇಬೇಕು. ಒಂದೇ ಬದಿ ಅಂಟಿಸಿದ ಮುಚ್ಚಳ ಕೆಲ ತಿಂಗಳಲ್ಲಿ ಬಾಗಿ, ಒಂದು ಮೂಲೆ ಮೇಲೆದ್ದು ನಿಲ್ಲುತ್ತದೆ.

ಪೆಟ್ಟಿಗೆ ಬೇಡ, ಬರೀ ಕೂರಲು ಸಾಕು ಎನ್ನುವವರಿಗೆ ಕಲ್ಲಿನ ಚಪ್ಪಡಿ ಇನ್ನೂ ಸುಲಭ. ಸಾದರಹಳ್ಳಿ ಕಲ್ಲು, 2 ಇಂಚು ದಪ್ಪ, 4 ಅಡಿ ಉದ್ದ, ಒಂದೂವರೆ ಅಡಿ ಅಗಲವಾದರೆ ಸುಮಾರು 75 ಕೆಜಿ ತೂಗುತ್ತದೆ. ಎರಡು ಇಟ್ಟಿಗೆ ಕಂಬದ ಮೇಲೆ ಕೂರಿಸಿದರೆ ಆಯಿತು. ನೆಲಮಹಡಿಗೆ ಚಿಂತೆಯಿಲ್ಲ. ಸೇರಿಸಿದ ಜಾಗ ಮೊದಲು ಚಾಚಿಕೊಂಡ ಬಾಲ್ಕನಿಯಾಗಿದ್ದರೆ ಕಲ್ಲಿನ ಆಸೆ ಬಿಡಿ.

ಪಿಲ್ಲರಿನ ಆಳವನ್ನು ಬಳಸಿಕೊಳ್ಳುವುದು

ಪಿಲ್ಲರನ್ನು ಕನ್ನಡಿ, ಕೃತಕ ಕಲ್ಲು ಅಂಟಿಸಿ ಮರೆಮಾಡುವುದರಿಂದ ಅದು ಇನ್ನೂ ದಪ್ಪವಾಗುತ್ತದೆ ಅಷ್ಟೆ. ಅದು ಮುಂದೆ ಚಾಚಿರುವ 6 ಇಂಚೇ ನಿಮಗೆ ಪುಕ್ಕಟೆ ಸಿಕ್ಕ ಶೆಲ್ಫಿನ ಆಳ. ಪಿಲ್ಲರಿನಿಂದ ಮೂಲೆಯವರೆಗೆ 5 ಅಡಿ ಉದ್ದಕ್ಕೆ, 5½ ಇಂಚು ಅಗಲದ ಒಂದೇ ಶೆಲ್ಫ್ ಹಾಯಿಸಿ. ಪಿಲ್ಲರಿನ ಮುಖಕ್ಕಿಂತ ಅರ್ಧ ಇಂಚು ಹಿಂದೆ ನಿಂತರೆ ಎರಡೂ ಒಂದೇ ಕೆಲಸದ ಹಾಗೆ ಕಾಣುತ್ತವೆ. ಮುಂದೆ ಚಾಚಿದರೆ ಆಮೇಲೆ ಸಿಕ್ಕಿಸಿದಂತೆ ಕಾಣುತ್ತದೆ.

ಎತ್ತರ ನೆಲದಿಂದ ಐದೂವರೆ ಅಡಿ. ಅದಕ್ಕಿಂತ ಕೆಳಗಿದ್ದರೆ ಕೂತವರು ಏಳುವಾಗ ತಲೆ ಬಡಿಯುತ್ತದೆ. 20 ಎಂಎಂ ಕಡಪ ಕಲ್ಲಾದರೆ ಇಷ್ಟು ಉದ್ದಕ್ಕೆ 11–12 ಕೆಜಿ ತೂಕ. ಮೂರು ಬ್ರಾಕೆಟ್ ಹಾಕಿ. ಗೋಡೆ ಸಾಲಿಡ್ ಬ್ಲಾಕಾದರೆ 8 ಎಂಎಂ ನೈಲಾನ್ ಪ್ಲಗ್, 2 ಇಂಚಿನ ಸ್ಕ್ರೂ ಸಾಕು. ಹಾಲೋ ಬ್ಲಾಕಾದರೆ ಡ್ರಿಲ್ ಸ್ವಲ್ಪ ದೂರ ಹೋಗಿ ತಟಕ್ಕನೆ ಒಳಗೆ ಜಾರುತ್ತದೆ. ಅಂಥ ಗೋಡೆಗೆ ಒಳಗೆ ಬಿಚ್ಚಿಕೊಳ್ಳುವ ಹಾಲೋ ವಾಲ್ ಆಂಕರ್ ಬೇಕು, ಕಲ್ಲಿನ ಬದಲು ಮರದ ಹಲಗೆಯೇ ವಾಸಿ.

ಶೆಲ್ಫಿನ ಮೇಲೆ ಏನಿಡಬೇಕು ಎನ್ನುವುದು ನಿಮ್ಮ ಇಷ್ಟ, ಎಷ್ಟಿಡಬೇಕು ಎನ್ನುವುದಕ್ಕೆ ಮಾತ್ರ ಒಂದು ಅಂಕೆಯಿರಲಿ: ಅರ್ಧ ಉದ್ದ ಖಾಲಿ ಇರಬೇಕು. ಚನ್ನಪಟ್ಟಣದ ಗೊಂಬೆಗಳನ್ನು ಒಂದೇ ತುದಿಯಲ್ಲಿ ಗುಂಪಾಗಿಡಿ. ಬೀದರಿನ ಬಿದರಿ ಹೂಜಿ ಇದ್ದರೆ ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆಯಲ್ಲಿ ಒರೆಸಿ, ಕಪ್ಪು ಬಣ್ಣ ಉಳಿಯುತ್ತದೆ. ಹಿತ್ತಾಳೆ ಪಾಲಿಷ್ ಹಾಕಿದರೆ ಕಪ್ಪು ಹೋಗುತ್ತದೆ. ಚಿತ್ರಪಟವನ್ನು 4 ಅಡಿ ಗೋಡೆಗೆ ತೂಗುಹಾಕಿ, ಕೂತವರ ಬೆನ್ನು ತಾಗುವ ಮಟ್ಟಕ್ಕಿಂತ ಮೇಲೆ. ಒಂದು ದೊಡ್ಡದು ಸಾಕು. ಓರೆ ಗೋಡೆಯ ಮೇಲೆ ಸಾಲು ಸಾಲು ಸಣ್ಣ ಚೌಕಟ್ಟುಗಳನ್ನು ಹಾಕಿದರೆ ಯಾವುದೂ ನೆಟ್ಟಗಿದ್ದಂತೆ ಕಾಣುವುದಿಲ್ಲ.

ಗಿಡ, ದಿಂಬು

ಕಿಟಕಿಯಿಂದ ದೂರದ ಮೂಲೆಯಲ್ಲಿ ಬದುಕುವುದು ಸ್ನೇಕ್ ಪ್ಲಾಂಟ್, ಝೀಝೀ, ಮನಿಪ್ಲಾಂಟ್. ಅರೆಕಾ ಪಾಮ್‌ಗೆ ಕಿಟಕಿಯ ಬೆಳಕು ಬೇಕು, ಇಲ್ಲದಿದ್ದರೆ ಎಲೆಯ ತುದಿ ಒಣಗುತ್ತಾ ಬರುತ್ತದೆ. ಗಿಡ ಸಾಯುವುದು ಬಹುತೇಕ ನೀರು ಸಾಲದೆ ಅಲ್ಲ, ನೀರು ಹೆಚ್ಚಾಗಿ. ಮಣ್ಣಿಗೆ ಎರಡು ಇಂಚು ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಡೈಫನ್‌ಬೇಕಿಯಾ ಬೇಡ, ಅದರ ಎಲೆ ಕಡಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತವೆ. ಮನಿಪ್ಲಾಂಟನ್ನೂ ಕೈಗೆಟುಕದ ಹಾಗೆ ಶೆಲ್ಫಿನ ಮೇಲಿಡಿ. ಕುಂಡದ ತಟ್ಟೆಯ ಕೆಳಗೆ ಗಾಳಿಯಾಡಲು ಸಣ್ಣ ಕಾಲುಗಳಿರಲಿ. ಹಳೇ ರೆಡ್ ಆಕ್ಸೈಡ್ ನೆಲದ ಮೇಲೆ ಒದ್ದೆ ತಟ್ಟೆ ಬಿಟ್ಟರೆ ಬಿಳಿ ಉಂಗುರ ಉಳಿದುಬಿಡುತ್ತದೆ.

ದಿಂಬಿನ ಅಳತೆ ಕೊನೆಗೆ, ಲ್ಯಾಮಿನೇಟ್ ಅಂಟಿಸಿದ ಮೇಲೆ ಕೊಡಿ. 5 ಅಡಿಗೆ ಒಂದೇ ಉದ್ದ ದಿಂಬು ಮಾಡಿಸಿದರೆ ಮುಚ್ಚಳ ತೆರೆಯುವಾಗಲೆಲ್ಲ ಎಲ್ಲರೂ ಎದ್ದೇಳಬೇಕು. 30×18 ಇಂಚಿನ, 2 ಇಂಚು ದಪ್ಪದ ಮೂರು ದಿಂಬು ಮಾಡಿಸಿ, 40 ಡೆನ್ಸಿಟಿ ಫೋಮಿನಲ್ಲಿ. ಮೂರೂ ಒಂದೇ ಅಳತೆಯಾದ್ದರಿಂದ ಆಗಾಗ ಜಾಗ ಬದಲಿಸಿದರೆ ಒಂದೇ ಕಡೆ ಕುಸಿಯುವುದಿಲ್ಲ. 54 ಇಂಚು ಪನ್ನಾದ ದಪ್ಪ ಕಾಟನ್ ಬಟ್ಟೆ 3 ಮೀಟರ್ ಬೇಕು. ಹೊಲಿಯಲು ಕೊಡುವ ಮುಂಚೆ ಒಮ್ಮೆ ನೀರಿಗೆ ಹಾಕಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಫೋಮ್ ಹಿಡಿಸುವುದಿಲ್ಲ. ಜಿಪ್ ಉದ್ದದ ಬದಿಗೆ, ಹಿಂಭಾಗದಲ್ಲಿ ಬರಲಿ. ಕಟ್ಟೆಯ ಮುಂದೆ ನೆಲಕ್ಕೆ ನವಲಗುಂದದ ಜಮಖಾನೆಯಂಥ ಸಣ್ಣದೊಂದನ್ನು ಹಾಸುವುದಾದರೆ ಹಳೇ–ಹೊಸ ನೆಲದ ಸಂದನ್ನು ದಾಟಿ ಹಾಸಿ, ಗೆರೆ ಕಾಣುವುದಿಲ್ಲ. ಎರಡು ನೆಲಗಳ ನಡುವೆ ಕಾಲಿಂಚಿಗಿಂತ ಹೆಚ್ಚು ಏರುಪೇರಿದ್ದರೆ ಮಾತ್ರ ಮುಚ್ಚಬೇಡಿ, ಕಾಣದೆ ಎಡವುತ್ತಾರೆ. ಅಲ್ಲಿಗೆ ಹಿತ್ತಾಳೆ ಅಥವಾ ಗ್ರಾನೈಟಿನ ಓರೆ ಪಟ್ಟಿ ಹಾಕಿಸಿ.